ಬೀದಿ ಸುತ್ತಿ ಓಪನ್ ಸೋರ್ಸ್ ಮಾಡುವ ಆ್ಯಪ್: ಸ್ಟ್ರೀಟ್‌ಕಂಪ್ಲೀಟ್ ಬಳಸಿದವನ ವಿಮರ್ಶೆ

ಓಪನ್ ಸೋರ್ಸ್‌ಗೆ, ಅಂದರೆ ಎಲ್ಲರಿಗೂ ತೆರೆದಿಟ್ಟ ಪ್ರಾಜೆಕ್ಟ್‌ಗಳಿಗೆ, ಏನಾದರೂ ಮಾಡಬೇಕು ಅಂತ ಆಸೆ ಇದೆ, ಎಲ್ಲಿಂದ ಶುರು ಮಾಡಲಿ ಅಂತ ಆಫೀಸಿನ ಹೊಸ ಹುಡುಗರು ಕೇಳುತ್ತಿರುತ್ತಾರೆ. ಮೊದಲೆಲ್ಲ ನಾನು ಯಾವುದೋ ಕೋಡ್ ಲೈಬ್ರರಿಯ ಹೆಸರು ಹೇಳುತ್ತಿದ್ದೆ. ಈಗ ಹೇಳೋದು ಒಂದು ಆಂಡ್ರಾಯ್ಡ್ ಆ್ಯಪ್ ಹೆಸರು: ಸ್ಟ್ರೀಟ್‌ಕಂಪ್ಲೀಟ್. ಬೀದಿ ನೋಡಿ ನಕ್ಷೆಗೆ ವಿವರ ತುಂಬುವ ಆ್ಯಪ್ ಅದು. ದುಡ್ಡಿಲ್ಲ, ಜಾಹೀರಾತಿಲ್ಲ. ಕೆಲಸಕ್ಕೆ ಬೇಕಾಗಿರುವುದು ಎರಡು ಕಾಲು ಮತ್ತು ಸ್ವಲ್ಪ ನಾಚಿಕೆ ಬಿಡುವ ಗುಣ.

ನಾನು ಮೈಸೂರಿನ ಸರಸ್ವತಿಪುರಂನಲ್ಲಿರುವ ಬ್ಯಾಕೆಂಡ್ ಡೆವಲಪರ್. ಹೊಟ್ಟೆಪಾಡು ಜಾವಾ ಮತ್ತು ಕೋಟ್ಲಿನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಗಳು. ಕಂಪನಿ ಬೆಂಗಳೂರಿನದು, ವಾರದಲ್ಲಿ ಹೆಚ್ಚು ದಿನ ಮನೆಯಿಂದಲೇ ಕೆಲಸ. ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆಯನ್ನು ನಿಮ್ಮ ಕೋಡಿಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಕಳಿಸಿ ಅಭ್ಯಾಸ ಇರುವವನೇ. ಆದರೆ ಅದರಲ್ಲಿ ಬರುವ ಸುಸ್ತು ಬೇರೆ ಥರದ್ದು. ಹೆಸರು ಬೇಡ, ಒಂದು ದೊಡ್ಡ ಪ್ರಾಜೆಕ್ಟಿಗೆ ದಿನಾಂಕ ಓದುವ ಜಾಗದಲ್ಲಿದ್ದ ಸಣ್ಣ ದೋಷಕ್ಕೆ ಪರಿಹಾರ ಕಳಿಸಿದ್ದೆ. ಮೊದಲು ಒಂದು ಬಾಟ್ (ತಾನಾಗಿ ಓಡುವ ಪ್ರೋಗ್ರಾಂ) ಬಂದು ಒಪ್ಪಂದಕ್ಕೆ ಸಹಿ ಹಾಕು ಅಂತು. ಹಾಕಿದೆ. ಆಮೇಲೆ ನನ್ನ ಬದಲಾವಣೆಗೆ ಸಂಬಂಧವೇ ಇಲ್ಲದ ಒಂದು ಟೆಸ್ಟ್ ಬಿದ್ದುಹೋಯಿತು. ಯಾರೋ ಬಂದು ವೇರಿಯಬಲ್ ಹೆಸರು ಬದಲಿಸಲು ಹೇಳಿದರು, ಬದಲಿಸಿದೆ. ಆಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಕೊನೆಗೆ ಇನ್ನೊಂದು ಬಾಟ್ ಬಂದು, ಇಲ್ಲಿ ಬಹಳ ದಿನದಿಂದ ಯಾವ ಚಟುವಟಿಕೆಯೂ ಇಲ್ಲ ಅಂತ ಹೇಳಿ ಬಾಗಿಲು ಹಾಕಿತು. ಅವರದ್ದೂ ಪೂರ್ತಿ ತಪ್ಪಲ್ಲ ಬಿಡಿ, ಸಂಬಳವಿಲ್ಲದೆ ರಾತ್ರಿ ಕೂತು ನೋಡುವವರು ಎಷ್ಟು ಅಂತ ನೋಡ್ತಾರೆ. ಆದರೂ ಬೇಜಾರು ಬೇಜಾರೇ.

ಅದಾದ ಮೇಲೆ ಈ ಆ್ಯಪ್ ಹಾಕಿಕೊಂಡೆ.

ಓಪನ್‌ಸ್ಟ್ರೀಟ್‌ಮ್ಯಾಪ್ ಗೊತ್ತಿಲ್ಲದವರಿಗೆ ಎರಡು ಮಾತು. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ ಅದು. ಆರ್ಗ್ಯಾನಿಕ್ ಮ್ಯಾಪ್ಸ್, ಆಸ್ಮಾಂಡ್ ಥರದ ಆಫ್‌ಲೈನ್ ಆ್ಯಪ್‌ಗಳೆಲ್ಲ ಅದರ ಮೇಲೇ ನಿಂತಿವೆ. ಅದನ್ನು ತಿದ್ದಲು ಬ್ರೌಸರಿನಲ್ಲೇ ಒಂದು ಎಡಿಟರ್ ಇದೆ. ಪಳಗಿದವರು ಜೋಸಮ್ ಅನ್ನುವ ದೊಡ್ಡ ಡೆಸ್ಕ್‌ಟಾಪ್ ಪ್ರೋಗ್ರಾಂ ಬಳಸುತ್ತಾರೆ. ಎರಡರಲ್ಲೂ ಟ್ಯಾಗ್, ಅಂದರೆ ನಕ್ಷೆಯ ಒಂದೊಂದು ವಸ್ತುವಿಗೂ ಅಂಟಿಸುವ ವಿವರದ ಚೀಟಿ, ಅನ್ನುವುದನ್ನು ಅರ್ಥ ಮಾಡಿಕೊಳ್ಳಬೇಕು. ಯಾವ ರಸ್ತೆಗೆ ಯಾವ ವರ್ಗ, ಯಾವ ಅಂಗಡಿಗೆ ಯಾವ ಟ್ಯಾಗ್ ಅಂತ ವಿಕಿ ಓದಬೇಕು. ಸ್ಟ್ರೀಟ್‌ಕಂಪ್ಲೀಟ್ ಆ ತಲೆನೋವನ್ನು ಪೂರ್ತಿ ಬಚ್ಚಿಡುತ್ತೆ. ಹ್ಯಾಂಬರ್ಗಿನ ಟೋಬಿಯಾಸ್ ಜ್ವಿಕ್ ಅನ್ನುವ ಡೆವಲಪರ್ 2017ರಲ್ಲಿ ಬಿಡುಗಡೆ ಮಾಡಿದ ಆ್ಯಪ್ ಇದು. ಕೋಡ್ ಕೂಡ ಜಿಪಿಎಲ್ ಅನ್ನುವ ಮುಕ್ತ ಪರವಾನಗಿಯ ಅಡಿಯಲ್ಲಿ ಎಲ್ಲರಿಗೂ ತೆರೆದಿದೆ.

ತೆರೆದ ತಕ್ಷಣ ನೀವು ನಿಂತಿರುವ ಜಾಗದ ನಕ್ಷೆ ಬರುತ್ತೆ. ಅದರ ಮೇಲೆ ಸಣ್ಣ ಸಣ್ಣ ಪಿನ್‌ಗಳು. ಒಂದೊಂದು ಪಿನ್ನೂ ಒಂದು ಪ್ರಶ್ನೆ. ಅವರು ಅದನ್ನು ಕ್ವೆಸ್ಟ್ ಅನ್ನುತ್ತಾರೆ. ಈ ರಸ್ತೆಯ ಹೆಸರೇನು? ಮೇಲ್ಮೈ ಡಾಂಬರಾ, ಕಾಂಕ್ರೀಟಾ, ಮಣ್ಣಾ? ಬೀದಿದೀಪ ಇದೆಯಾ? ಈ ಬಸ್ ಸ್ಟಾಪಿಗೆ ಮೇಲೆ ಸೂರಿದೆಯಾ? ಈ ಬೆಂಚಿಗೆ ಬೆನ್ನು ಒರಗಿಸಲು ಜಾಗ ಇದೆಯಾ? ಕಣ್ಣೆತ್ತಿ ನೋಡಬೇಕು, ಒತ್ತಬೇಕು, ಮುಗೀತು. ಪಿನ್ ಮಾಯ. ನಿಮ್ಮ ಉತ್ತರ ಸರಿಯಾದ ಟ್ಯಾಗ್ ಆಗಿ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹೋಗುತ್ತೆ. ಯಾರ ಒಪ್ಪಿಗೆಗೂ ಕಾಯಬೇಕಿಲ್ಲ. ಕೋಡಿನಲ್ಲಿ ದಾಖಲಾಗುವ ಬದಲಾವಣೆಗೆ ಕಮಿಟ್ ಅನ್ನುತ್ತೇವೆ, ಅದೂ ಒಂದು ಕಮಿಟ್ಟೇ, ಅಲ್ವಾ? ನಿಮ್ಮ ಹೆಸರಿನಲ್ಲಿ ಹೋಗುತ್ತೆ, ಇತಿಹಾಸದಲ್ಲಿ ಉಳಿಯುತ್ತೆ, ಯಾರಾದರೂ ತಪ್ಪು ಅಂದರೆ ಹಿಂದಕ್ಕೂ ತಿರುಗಿಸಬಹುದು.

ಖಾತೆ ಇಲ್ಲದೆಯೂ ಉತ್ತರ ಕೊಡಲು ಶುರು ಮಾಡಬಹುದು. ಅಪ್‌ಲೋಡ್ ಮಾಡುವಾಗ ಮಾತ್ರ ಲಾಗಿನ್ ಬೇಕು. ಇದು ನನಗೆ ಬಹಳ ಹಿಡಿಸಿತು. ಮೊದಲು ಕೆಲಸ ಮಾಡಿ ನೋಡಿ, ಇಷ್ಟ ಆದರೆ ಹೆಸರು ಬರೆಸಿ ಅನ್ನುವ ಮರ್ಯಾದೆ ಎಷ್ಟು ಆ್ಯಪ್‌ಗಳಲ್ಲಿದೆ?

ಇನ್ನು ಬೀದಿಯಲ್ಲಿ ಇದು ಹೇಗೆ ನಡೆಯುತ್ತೆ ಅನ್ನುವುದು. ನಮ್ಮ ಮನೆ ಹತ್ತಿರದ ಮೂಲೆಯಲ್ಲಿ ಒಂದು ಇಡ್ಲಿ ಹೋಟೆಲ್ ಇದೆ. ನಾಲ್ಕು ಟೇಬಲ್, ನಿಂತು ತಿನ್ನುವವರೇ ಜಾಸ್ತಿ. ಆ್ಯಪ್ ಕೇಳಿತು: ಇದು ಎಷ್ಟು ಹೊತ್ತಿಗೆ ತೆರೆಯುತ್ತೆ, ಎಷ್ಟು ಹೊತ್ತಿಗೆ ಮುಚ್ಚುತ್ತೆ? ಗೋಡೆ ಮೇಲೆ ಬೋರ್ಡಿಲ್ಲ. ಗಲ್ಲಾದಲ್ಲಿದ್ದವರನ್ನೇ ಕೇಳಿದೆ.

"ಬೆಳಿಗ್ಗೆ ಎಷ್ಟೊತ್ತಿನವರೆಗೂ ತೆಗೆದಿರ್ತೀರಿ ಯಜಮಾನ್ರೆ?"

"ಇಡ್ಲಿ ಇರೋ ತನಕ."

"ಅಂದ್ರೆ ಹತ್ತು, ಹತ್ತೂವರೆ?"

"ಭಾನುವಾರ ಒಂಬತ್ತಕ್ಕೇ ಮುಗಿದೋಗುತ್ತೆ ಸಾರ್. ಯಾಕೆ, ಮನೇಲಿ ಫಂಕ್ಷನ್ನಾ? ಆರ್ಡರ್ ಏನಾದ್ರೂ ಕೊಡ್ಬೇಕಿತ್ತಾ?"

ಆರ್ಡರ್ ಇಲ್ಲ ಅಂತ ಹೇಳಿ, ಸುಮ್ನೆ ನಿಲ್ಲೋದು ಚೆನ್ನಾಗಿರಲ್ಲ ಅಂತ ಒಂದು ಪ್ಲೇಟ್ ತಿಂದೆ. ತಿನ್ನುತ್ತಾ ಉತ್ತರ ತುಂಬಿದೆ. ಇಲ್ಲೇ ಈ ಆ್ಯಪ್‌ನ ಜಾಣತನ ಕಾಣೋದು. ವಾರದ ದಿನಗಳನ್ನು ಆರಿಸಿ, ಬೆಳಗಿನ ಹೊತ್ತು 6:30ರಿಂದ ಇಷ್ಟರವರೆಗೆ ಅಂತ ಹಾಕಿ, ಅದರ ಕೆಳಗೇ ಸಂಜೆಯ ಹೊತ್ತನ್ನೂ ಸೇರಿಸಬಹುದು. ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುವ ನಮ್ಮ ಹೋಟೆಲು, ದೇವಸ್ಥಾನ, ಬ್ಯಾಂಕಿನ ಪಕ್ಕದ ಜೆರಾಕ್ಸ್ ಅಂಗಡಿ, ಎಲ್ಲಕ್ಕೂ ಇದು ಸರಿಹೋಗುತ್ತೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಈ ಸಮಯ ಬರೆಯುವ ವ್ಯಾಕರಣ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆಯಷ್ಟು ಜಟಿಲ. ಸೆಮಿಕೋಲನ್ ಎಲ್ಲಿ, ಕಾಮಾ ಎಲ್ಲಿ ಅಂತ ಒದ್ದಾಡಬೇಕು. ಇಲ್ಲಿ ಅದೊಂದೂ ಕಣ್ಣಿಗೆ ಬೀಳಲ್ಲ. ಬೋರ್ಡೇ ಇಲ್ಲ ಅಂತ ಹೇಳಲೂ ಒಂದು ಆಯ್ಕೆ ಇದೆ. ನಿಗದಿ ಸಮಯ ಇಲ್ಲ ಅಂತ ಹೇಳಿ ಮಾತಿನಲ್ಲೇ ಬರೆಯಲೂ ಅವಕಾಶ ಇದೆ. "ಇಡ್ಲಿ ಇರೋ ತನಕ" ಅನ್ನುವುದಕ್ಕೂ ಅಲ್ಲಿ ಜಾಗ ಇದೆ ಅಂತಾಯ್ತು.

ಅದೇ ಹೋಟೆಲಿಗೆ ಇನ್ನೊಂದು ಪಿನ್ ಇತ್ತು: ಸಸ್ಯಾಹಾರ ಸಿಗುತ್ತಾ? ಸಿಗುತ್ತೆ, ಸಿಗಲ್ಲ, ಬರೀ ಸಸ್ಯಾಹಾರವೇ ಅಂತ ಮೂರು ಉತ್ತರ. ಬರೀ ಸಸ್ಯಾಹಾರವೇ ಅಂತ ಒತ್ತಿದ ಮೇಲೆ ಸುಮ್ಮನಾಗಲಿಲ್ಲ, ಹಾಲು ತುಪ್ಪವೂ ಇಲ್ಲದ ವೀಗನ್ ಊಟ ಸಿಗುತ್ತಾ ಅಂತ ಶುರು ಮಾಡಿತು. ಇಡ್ಲಿ ಚಟ್ನಿ ಇರೋದರಿಂದ ಸಿಗುತ್ತೆ ಅಂತ ಹಾಕಿದೆ. ಯಜಮಾನರ ಹತ್ತಿರ ಈ ಪ್ರಶ್ನೆ ಕೇಳುವ ಧೈರ್ಯ ಬರಲಿಲ್ಲ.

ಪ್ರಶ್ನೆಗಳ ಹಿಂದೆ ಒಂದು ಕಟ್ಟುನಿಟ್ಟು ಇದೆ. ಡೆವಲಪರ್ ಆಗಿ ನನಗೆ ಈ ಆ್ಯಪ್ ಇಷ್ಟವಾಗಲು ದೊಡ್ಡ ಕಾರಣ ಅದೇ. ಕೋಡ್ ಇಳಿಸಿಕೊಂಡು ನೋಡಿದೆ. ಒಂದೊಂದು ಕ್ವೆಸ್ಟೂ ಒಂದು ಪುಟ್ಟ ಕೋಟ್ಲಿನ್ ಕ್ಲಾಸ್, ಅಂದರೆ ಕೋಡಿನ ಒಂದು ಸ್ವತಂತ್ರ ತುಂಡು. ಬೆಂಚಿನ ಒರಗಿನ ಪ್ರಶ್ನೆಯ ಫೈಲ್ ತೆರೆದರೆ ಒಂದೇ ಸ್ಕ್ರೀನಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಕಾಣುತ್ತೆ. ಮೇಲೆ ಒಂದು ಫಿಲ್ಟರ್: ಬೆಂಚು ಅಂತ ಗುರುತಾಗಿದೆ, ಆದರೆ ಒರಗು ಇದೆಯೋ ಇಲ್ಲವೋ ಅನ್ನುವ ಟ್ಯಾಗ್ ಇಲ್ಲ, ಅಂಥವನ್ನು ಮಾತ್ರ ಹುಡುಕು ಅಂತ. ಅದರ ಕೆಳಗೆ ಬದಲಾವಣೆಯ ಜೊತೆ ಹೋಗುವ ಒಂದು ಸಾಲಿನ ವಿವರಣೆ, ವಿಕಿ ಪುಟದ ಹೆಸರು, ಐಕಾನ್. ಪ್ರಶ್ನೆಯ ಶೀರ್ಷಿಕೆ ಕೊಡುವ ಒಂದು ಫಂಕ್ಷನ್, ಫಾರ್ಮ್ ತೋರಿಸುವ ಒಂದು ಫಂಕ್ಷನ್, ಉತ್ತರವನ್ನು ಟ್ಯಾಗ್ ಆಗಿ ಬರೆಯುವ ಒಂದು ಫಂಕ್ಷನ್. ಅಷ್ಟೇ. ಕೋಟ್ಲಿನ್ ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಅಚ್ಚುಕಟ್ಟಾದ ಕೋಡ್ ನನಗಂತೂ ಸುಲಭಕ್ಕೆ ಸಿಕ್ಕಿಲ್ಲ.

ಹೊಸ ಕ್ವೆಸ್ಟ್ ಸೇರಿಸಬೇಕೆನ್ನುವವರಿಗೆ ನಿಯಮ ಬರೆದಿಟ್ಟಿದ್ದಾರೆ. ಪ್ರಶ್ನೆ ಯಾರಿಗಾದರೂ ಅರ್ಥ ಆಗಬೇಕು. ಜಾಗದಲ್ಲಿ ನಿಂತು ಕಣ್ಣಿನಿಂದಲೇ ಉತ್ತರ ಹೇಳುವಂತಿರಬೇಕು, ಅಳತೆ ಟೇಪು, ವಿಶೇಷ ಜ್ಞಾನ ಬೇಕಾಗಬಾರದು. ಉತ್ತರದಿಂದ ಯಾರಿಗಾದರೂ ಉಪಯೋಗ ಆಗಬೇಕು. ಬಳಸುವ ಟ್ಯಾಗ್ ಬಳಕೆಯಲ್ಲಿ ನೆಲೆಯೂರಿರಬೇಕು. ಕೇಳಿದ ಹೆಚ್ಚಿನ ಕಡೆ "ಇಲ್ಲ" ಅಂತಲೇ ಉತ್ತರ ಬರುವ ಪ್ರಶ್ನೆ ಕೇಳಿ ಜನರ ಹೊತ್ತು ಹಾಳು ಮಾಡಬಾರದು. ನನಗೂ ಒಂದು ಐಡಿಯಾ ಬಂದಿತ್ತು. ನಮ್ಮ ಊರುಗಳಲ್ಲಿ ಕಾಯಿನ್ ಹಾಕಿದರೆ ಕ್ಯಾನ್ ತುಂಬಿಸಿಕೊಡುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆಯಲ್ಲ, ಅವು ಕೆಲಸ ಮಾಡುತ್ತಿವೆಯಾ ಅಂತ ಕೇಳುವ ಕ್ವೆಸ್ಟ್. ನಿಯಮ ಓದುತ್ತಾ ಹೋದಂತೆ ಅದು ತಾನಾಗೇ ಬಿದ್ದುಹೋಯಿತು. ಆ ಘಟಕವನ್ನು ಯಾವ ಟ್ಯಾಗ್ ಅಡಿ ಹಾಕಬೇಕು ಅನ್ನುವುದೇ ನನಗೆ ಇತ್ಯರ್ಥವಾಗಲಿಲ್ಲ. ಇನ್ನು ಇವತ್ತು ಕೆಟ್ಟು ನಾಳೆ ರಿಪೇರಿಯಾಗುವ ಯಂತ್ರದ ಸ್ಥಿತಿ ನಕ್ಷೆಯಲ್ಲಿ ಬರೆದು ಏನು ಪ್ರಯೋಜನ? ಬೇಡ ಅನ್ನುವುದನ್ನು ಇಷ್ಟು ಸಭ್ಯವಾಗಿ, ಪುಲ್ ರಿಕ್ವೆಸ್ಟ್ ಬರೆಯುವ ಮೊದಲೇ ತಿಳಿಸುವ ಪ್ರಾಜೆಕ್ಟ್ ಕಡಿಮೆ. ಬಾಟ್ ಬಂದು ಬಾಗಿಲು ಹಾಕುವುದಕ್ಕಿಂತ ಇದು ಎಷ್ಟೋ ವಾಸಿ.

ಹಾಗಾದರೆ ಎಲ್ಲವೂ ಚೆನ್ನಾಗಿದೆಯಾ ಅಂದರೆ, ಇಲ್ಲ.

ಪ್ರಶ್ನೆಗಳು ಹುಟ್ಟಿದ್ದು ಯುರೋಪಿನ ಬೀದಿಯಲ್ಲಿ. ಅದು ಆಗಾಗ ಗೊತ್ತಾಗುತ್ತೆ. ರಸ್ತೆ ದಾಟುವ ಜಾಗದಲ್ಲಿ ದೃಷ್ಟಿ ಇಲ್ಲದವರಿಗೆ ಕಾಲಿಗೆ ಸಿಗುವ ಉಬ್ಬು ಹಾಸು ಇದೆಯಾ ಅಂತ ಪ್ರತಿ ಕ್ರಾಸಿಂಗಿನಲ್ಲೂ ಕೇಳುತ್ತೆ. ನಮ್ಮ ಕಡೆ ಹೆಚ್ಚು ಕಡೆ ಉತ್ತರ ಇಲ್ಲ ಅಂತಲೇ. ಇಲ್ಲ, ಇಲ್ಲ, ಇಲ್ಲ ಅಂತ ಒತ್ತಿ ಒತ್ತಿ ಬೆರಳು ಸೋಲುತ್ತೆ. ಆದರೆ ಆ "ಇಲ್ಲ"ಕ್ಕೂ ಬೆಲೆ ಇದೆ. ಯಾರೂ ನೋಡಿಲ್ಲ ಅನ್ನುವುದಕ್ಕೂ, ನೋಡಿದೆವು, ಇಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ. ಡೇಟಾಬೇಸ್ ಜೊತೆ ಏಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗಾಲಿಕುರ್ಚಿಯ ಪ್ರಶ್ನೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿತು. ಈ ಅಂಗಡಿಗೆ ಗಾಲಿಕುರ್ಚಿಯಲ್ಲಿ ಹೋಗಬಹುದಾ? ಪೂರ್ತಿ, ಸ್ವಲ್ಪ ಮಟ್ಟಿಗೆ, ಇಲ್ಲ. ದಿನಾ ಹೋಗುವ ಔಷಧಿ ಅಂಗಡಿಯ ಮುಂದೆ ನಿಂತು ನೋಡಿದೆ. ಚರಂಡಿ ಮೇಲೆ ಒಂದು ಚಪ್ಪಡಿ. ಚಪ್ಪಡಿಯಿಂದ ಮೇಲೆ ಮೂರು ಮೆಟ್ಟಿಲು. ಮೆಟ್ಟಿಲ ಬದಿಯಲ್ಲಿ ಸ್ಕೂಟರ್ ಹತ್ತಿಸಲು ಸಿಮೆಂಟಿನ ಒಂದು ಇಳಿಜಾರು ಪಟ್ಟಿ, ಅಂಗೈ ಅಗಲದ್ದು. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಪಕ್ಕದ ಬೇಕರಿ, ಅದರ ಪಕ್ಕದ ಮೊಬೈಲ್ ಅಂಗಡಿ, ಎಲ್ಲದಕ್ಕೂ ಉತ್ತರ "ಇಲ್ಲ". ಬರ್ಲಿನ್ನಿನವರ ವೀಲ್‌ಮ್ಯಾಪ್ ಅನ್ನುವ ನಕ್ಷೆಯಲ್ಲಿ ಇಂಥ ಉತ್ತರಗಳು ಬಣ್ಣವಾಗಿ ಕಾಣುತ್ತವೆ: ಹೋಗಬಹುದಾದದ್ದು ಹಸಿರು, ಆಗದ್ದು ಕೆಂಪು. ನಮ್ಮ ಬೀದಿಯನ್ನು ಅಲ್ಲಿ ತೆರೆದು ನೋಡಿದರೆ ಖುಷಿಪಡುವಂಥದ್ದೇನೂ ಇಲ್ಲ.

ರಸ್ತೆ ಹೆಸರಿನ ಕ್ವೆಸ್ಟ್ ಮಾತ್ರ ನಮ್ಮಂಥ ಊರಿಗಾಗಿಯೇ ಮಾಡಿದಂತಿದೆ. ಹೆಸರನ್ನು ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಹಾಕಬಹುದು. ಇಂಗ್ಲಿಷಿನಲ್ಲಿ ಒಂದು ಸಾಲು, ಅದರ ಕೆಳಗೆ ಭಾಷೆ ಕನ್ನಡ ಅಂತ ಆರಿಸಿ ಇನ್ನೊಂದು ಸಾಲು. ಇಂಗ್ಲಿಷ್ ಹೆಸರನ್ನು ಚುಟುಕು ಮಾಡಿ ಬರೆದರೆ ಅದೇ ಬಿಡಿಸಿ "ರೋಡ್", "ಸ್ಟ್ರೀಟ್" ಅಂತ ಪೂರ್ತಿ ಮಾಡುತ್ತೆ. ಒಂದು ಬೀದಿಗೆ ಹೆಸರು ಕೊಟ್ಟ ಮೇಲೆ ಅದರ ಮುಂದುವರಿದ ತುಂಡಿಗೆ ಅದೇ ಹೆಸರನ್ನು ಸಲಹೆ ಮಾಡುತ್ತೆ. ಬೋರ್ಡಿನಲ್ಲಿ ಕನ್ನಡ ಚೆನ್ನಾಗಿ ಬರೆದಿರುವ ಕಡೆ ನೋಡಿ ಬರೆದರೆ ಆಯಿತು. ಬೋರ್ಡೇ ಬಿದ್ದುಹೋಗಿರುವ ಕಡೆ ಅಂಗಡಿ ಫಲಕದ ಕೆಳಗಿನ ವಿಳಾಸವೇ ಗತಿ. ಎರಡು ಅಂಗಡಿಯವರು ಎರಡು ಥರ ಬರೆದಿದ್ದರೆ ಮೂರನೆಯದನ್ನು ಹುಡುಕಿ. ಒಂದು ಮಾತು ನೆನಪಿಡಿ: ಬೇರೆ ಕಂಪನಿಗಳ ನಕ್ಷೆ ನೋಡಿ ಹೆಸರು ನಕಲು ಮಾಡುವಂತಿಲ್ಲ. ಅದು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಗಟ್ಟಿ ನಿಯಮ. ಆ ಡೇಟಾ ಅವರ ಸೊತ್ತು. ನೀವು ಕಣ್ಣಾರೆ ಕಂಡದ್ದು ನಿಮ್ಮದು.

ಮೈಸೂರಿನಲ್ಲಿ ಇನ್ನೊಂದು ತಮಾಷೆ ಇದೆ. ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳು. ಹಿಂದಿನ ಕಾಲದಲ್ಲಿ ಪೌರಕಾರ್ಮಿಕರು ಓಡಾಡಲು ಬಿಟ್ಟ ಜಾಗ. ಯಾರೋ ಉಪಗ್ರಹ ಚಿತ್ರ ನೋಡಿ ಅವನ್ನೂ ಮನೆಮುಂದಿನ ರಸ್ತೆಯ ಹಾಗೇ ಎಳೆದಿರುತ್ತಾರೆ. ಆ್ಯಪ್ ಪಾಪ, ಅದರ ಹೆಸರೇನು, ಅಲ್ಲಿ ದೀಪ ಇದೆಯಾ ಅಂತೆಲ್ಲ ಕೇಳುತ್ತೆ. ಉತ್ತರ ಹೊಳೆಯದಾಗ ಒತ್ತಲು ಕೆಳಗೊಂದು ಬಟನ್ ಇದೆ. ಇಂಗ್ಲಿಷಿನಲ್ಲಿ ಅದರ ಮೇಲೆ ಬರೆದಿರುವುದೇ "ಅಹ್…" ಅಂತ! ಅದನ್ನು ಒತ್ತಿದರೆ ಹೆಸರೇ ಇಲ್ಲ, ಇದು ರಸ್ತೆಯೇ ಅಲ್ಲ, ಸರ್ವೀಸ್ ಗಲ್ಲಿ ಅನ್ನುವ ಥರದ ದಾರಿಗಳು ತೆರೆಯುತ್ತವೆ. ಅದೂ ಆಗದಿದ್ದರೆ ಅಲ್ಲೇ ಒಂದು ಟಿಪ್ಪಣಿ ಬರೆದು, ಬೇಕಾದರೆ ಫೋಟೋ ಸೇರಿಸಿ ಬಿಡಬಹುದು. ಅನುಭವ ಇರುವ ಯಾರಾದರೂ ಮುಂದೊಂದು ದಿನ ನೋಡಿ ಸರಿ ಮಾಡುತ್ತಾರೆ. ಗೊತ್ತಿಲ್ಲದ್ದನ್ನು ಊಹೆ ಮಾಡಿ ತುಂಬುವುದಕ್ಕಿಂತ ಟಿಪ್ಪಣಿ ಬಿಡುವುದೇ ಒಳ್ಳೆಯದು. ಮನೆಯಲ್ಲಿ ಕೂತು ದೂರದ ಪಿನ್‌ಗೆ ಉತ್ತರ ಕೊಡಲು ಹೊರಟರೆ, ನಿಜವಾಗಲೂ ಅಲ್ಲೇ ಹೋಗಿ ನೋಡಿದ್ರಾ ಅಂತ ಆ್ಯಪ್ ಕೇಳಿಯೂ ಕೇಳುತ್ತೆ.

ಜನ ಏನಂತಾರೆ ಅನ್ನೋದು ಇನ್ನೊಂದು. ಫೋನ್ ಹಿಡಿದು ಮನೆಗಳ ಮುಂದೆ ನಿಂತು ಅತ್ತಿತ್ತ ನೋಡುವ ಗಂಡಸನ್ನು ಯಾರೂ ಸುಮ್ಮನೆ ಬಿಡಲ್ಲ. ಅಗ್ರಹಾರದ ಕಡೆ ಒಂದು ಸಂಜೆ ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರು ಕರೆದರು.

"ಏನಪ್ಪಾ, ಕಂದಾಯದವ್ರಾ?"

"ಇಲ್ಲ ಅಜ್ಜಿ. ಬೀದಿ ದೀಪ ಇದೆಯಾ ಅಂತ ನೋಡ್ಕೊಂಡು ಹೋಗ್ತಿದ್ದೆ."

"ಇದೆ, ಉರಿಯಲ್ಲ. ಆ ಮೂಲೇದು ಉರೀತಿಲ್ಲ ಅಂತ ಬರ್ಕೋ. ಎಷ್ಟ್ ಸಲ ಹೇಳ್ಬೇಕು ನಿಮಗೆ."

ಆ್ಯಪ್ ಕೇಳುವುದು ದೀಪದ ವ್ಯವಸ್ಥೆ ಇದೆಯಾ ಅಂತ. ಇವತ್ತು ಬಲ್ಬ್ ಹೋಗಿದೆಯಾ ಅಂತ ಅಲ್ಲ. ಆದ್ದರಿಂದ "ಇದೆ" ಅಂತಲೇ ಹಾಕಬೇಕಾಯಿತು. ಅಜ್ಜಿಗೆ ಈ ಸೂಕ್ಷ್ಮ ವಿವರಿಸಲು ಹೋಗಲಿಲ್ಲ. ಪಾಲಿಕೆಗೆ ಬೇರೆ ದೂರು ಕೊಡಬೇಕು ಅಂತಷ್ಟೇ ಹೇಳಿದೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೊಸಬರು ಎಷ್ಟೋ ಜನ ನಕ್ಷೆಯ ಟಿಪ್ಪಣಿಗಳನ್ನು ದೂರಿನ ಪೆಟ್ಟಿಗೆ ಅಂದುಕೊಳ್ಳುತ್ತಾರೆ. ಗುಂಡಿ, ಕಸ, ಆರಿದ ದೀಪ ಎಲ್ಲ ಅಲ್ಲಿ ಬರೆದರೆ ಓದಿ ಸರಿ ಮಾಡುವ ಅಧಿಕಾರಿ ಯಾರೂ ಅಲ್ಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಭಾವಮೈದುನನನ್ನೂ ಎಳೆದುಕೊಂಡು ಹೋಗುತ್ತೇನೆ. ಅವನು ಸಿವಿಲ್ ಇಂಜಿನಿಯರ್. ಆ್ಯಪ್‌ನಲ್ಲಿ ತಂಡದ ಮೋಡ್ ಇದೆ. ಎಷ್ಟು ಜನ, ನೀವು ಎಷ್ಟನೆಯವರು ಅಂತ ಹಾಕಿದರೆ ಪಿನ್‌ಗಳನ್ನು ಹಂಚಿಕೊಡುತ್ತೆ. ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುವ ಗೊಂದಲ ಇಲ್ಲ. ಕುಕ್ಕರಹಳ್ಳಿ ಕೆರೆ ಏರಿ ಕಡೆ ನಾವು ಹೀಗೆ ನಡೆದರೆ ಅವನಿಗೆ ಬರೀ ಮೇಲ್ಮೈ ಪ್ರಶ್ನೆಗಳೇ ಪ್ರೀತಿ. "ಭಾವ, ಇದನ್ನ ಮಣ್ಣು ಅಂತ ಹಾಕಕ್ಕಾಗಲ್ಲ, ಗಟ್ಟಿ ಮಾಡಿದ ಗ್ರಾವೆಲ್ ಇದು" ಅಂತ ನಿಂತಲ್ಲೇ ಪಾಠ ಶುರು. ಆ್ಯಪ್ ಮೇಲ್ಮೈಗೆ ಫೋಟೋ ತೋರಿಸಿ ಆರಿಸಲು ಹೇಳುತ್ತೆ, ಹಾಗಾಗಿ ಇಂಜಿನಿಯರ್ ಅಲ್ಲದವರಿಗೂ ಕಷ್ಟ ಇಲ್ಲ. ಬೆಂಚುಗಳ ಪ್ರಶ್ನೆ ನನ್ನ ಪಾಲಿಗೆ. ಅದರಲ್ಲಿ ಕೂತು ನೋಡಿಯೇ ಉತ್ತರ ಕೊಡುತ್ತೇನೆ.

ಉತ್ತರ ಕೊಟ್ಟ ಹಾಗೆಲ್ಲ ನಕ್ಷತ್ರ ಸಿಗುತ್ತೆ. ಪಾದಚಾರಿಗಳಿಗೆ, ಸೈಕಲ್‌ನವರಿಗೆ, ಗಾಲಿಕುರ್ಚಿಯವರಿಗೆ, ಅಂಚೆಯವರಿಗೆ ಉಪಯೋಗವಾಗುವ ಉತ್ತರ ಅಂತ ಬೇರೆ ಬೇರೆ ಪದಕ. ಒಂದು ಮಟ್ಟ ದಾಟಿದರೆ ಆ ಡೇಟಾ ಬಳಸುವ ಯಾವುದಾದರೂ ಜಾಲತಾಣದ ಕೊಂಡಿ ಕೊಡುತ್ತೆ. ನನಗೆ ಪದಕದ ಹುಚ್ಚಿಲ್ಲ. ಆದರೆ ಆ ಕೊಂಡಿಗಳು ನಿಜಕ್ಕೂ ಒಳ್ಳೆಯ ಉಪಾಯ. ಯಾಕೆಂದರೆ ಈ ಕೆಲಸದ ದೊಡ್ಡ ಕೊರತೆಯೇ ಫಲ ಕಣ್ಣಿಗೆ ಕಾಣದಿರುವುದು. ರಸ್ತೆ ಹೆಸರು ಹಾಕಿದರೆ ಸ್ವಲ್ಪ ಹೊತ್ತಿಗೆಲ್ಲ ಓಪನ್‌ಸ್ಟ್ರೀಟ್‌ಮ್ಯಾಪ್ ತಾಣದಲ್ಲಿ ಮೂಡುತ್ತೆ. ಆದರೆ ದೀಪ, ಬಸ್ ಸ್ಟಾಪಿನ ಸೂರು, ಇವೆಲ್ಲ ಅಲ್ಲಿನ ಮಾಮೂಲಿ ನಕ್ಷೆಯಲ್ಲಿ ಕಾಣಲ್ಲ. ಡೇಟಾಬೇಸಿನಲ್ಲಿ ಕೂತಿರುತ್ತವೆ. ಸೈಕಲ್ ದಾರಿ ಹುಡುಕುವ ಪ್ರೋಗ್ರಾಂ ಮಣ್ಣು ರಸ್ತೆ ಬಿಟ್ಟು ಡಾಂಬರಿನ ಮೇಲೆ ಕರೆದುಕೊಂಡು ಹೋದಾಗ, ಅದರ ಹಿಂದೆ ನೀವು ಒತ್ತಿದ ಉತ್ತರ ಇರಬಹುದು. ಹಾಗಂತ ಯಾರೂ ಬಂದು ಹೇಳಲ್ಲ.

ಇನ್ನು ಈ ಆ್ಯಪ್ ಎಲ್ಲಿ ಪೂರ್ತಿ ಕೈಕೊಡುತ್ತೆ ಅಂದರೆ ಹಳ್ಳಿಯಲ್ಲಿ. ನಮ್ಮ ಊರು ಹೊಸನಗರದ ಕಡೆ. ಹಬ್ಬಕ್ಕೆ ಹೋದಾಗ ಉತ್ಸಾಹದಿಂದ ತೆರೆದೆ. ಪಿನ್ನೇ ಇಲ್ಲ. ಕೆಲಸ ಮುಗಿದಿದೆ ಅಂತ ಅಲ್ಲ, ಅಲ್ಲಿ ನಕ್ಷೆಯೇ ಖಾಲಿ. ಸ್ಟ್ರೀಟ್‌ಕಂಪ್ಲೀಟ್ ಹೆಸರಿಗೆ ತಕ್ಕ ಹಾಗೆ, ಇರುವುದನ್ನು ಪೂರ್ತಿ ಮಾಡುತ್ತೆ. ಇಲ್ಲದ್ದರ ಬಗ್ಗೆ ಏನು ಕೇಳೀತು? ಮಲೆನಾಡಿನಲ್ಲಿ ಉಪಗ್ರಹ ಚಿತ್ರ ನೋಡಿ ಗೆರೆ ಎಳೆಯೋದೂ ಕಷ್ಟ. ಅಡಿಕೆ ತೋಟದ ಕೆಳಗೆ ದಾರಿ, ಮರದ ಕೆಳಗೆ ಮನೆ, ಮೇಲಿಂದ ನೋಡಿದರೆ ಬರೀ ಹಸಿರು. ಮನೆಗಳೂ ಒಂದೊಂದು ಗುಡ್ಡಕ್ಕೆ ಒಂದೊಂದು. ಇಲ್ಲಿ ಉಪಯೋಗಕ್ಕೆ ಬರೋದು ಆ್ಯಪ್‌ನಲ್ಲೇ ಇರುವ ಇನ್ನೊಂದು ಸೌಲಭ್ಯ. ನಡೆದ ಹಾದಿಯನ್ನು ಜಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿ ಟಿಪ್ಪಣಿಗೆ ಲಗತ್ತಿಸಬಹುದು. ನಮ್ಮ ಮನೆಯಿಂದ ಹೊಳೆ ದಾಟಿ ಟಾರ್ ರಸ್ತೆಗೆ ಸೇರುವ ಕಾಲುದಾರಿಯನ್ನು ಹಾಗೆ ರೆಕಾರ್ಡ್ ಮಾಡಿಕೊಂಡು ಬಂದು, ಮೈಸೂರಿಗೆ ಬಂದ ಮೇಲೆ ಬ್ರೌಸರಿನ ಎಡಿಟರಿನಲ್ಲಿ ಎಳೆದೆ. ಆಮೇಲೆ ದೀಪಾವಳಿಗೆ ಹೋದಾಗ ಅದೇ ದಾರಿ ಮೇಲೆ ಪಿನ್ ಎದ್ದಿತ್ತು: ಇದರ ಮೇಲ್ಮೈ ಎಂಥದ್ದು? ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಒಂದು ಥರ ಅನ್ನುವ ಆಯ್ಕೆ ಇರಲಿಲ್ಲ, ಮಣ್ಣು ಅಂತ ಹಾಕಿದೆ.

ನೆಟ್‌ವರ್ಕ್ ಇಲ್ಲದ ಕಡೆ ಹೋಗುವಾಗ ಮೊದಲೇ ಆ ಪ್ರದೇಶ ಇಳಿಸಿಕೊಂಡರೆ ಆಫ್‌ಲೈನಿನಲ್ಲೂ ಕೆಲಸ ಮಾಡುತ್ತೆ. ಉತ್ತರಗಳು ಫೋನಿನಲ್ಲೇ ಉಳಿದು ಆಮೇಲೆ ಹೋಗುತ್ತವೆ. ಇದರಲ್ಲಿ ಯಾವ ತಕರಾರೂ ಇಲ್ಲ. ಬ್ಯಾಟರಿ ಮಾತ್ರ, ಸ್ಕ್ರೀನ್ ಮತ್ತು ಜಿಪಿಎಸ್ ಸದಾ ಆನ್ ಇರೋದರಿಂದ, ಕಣ್ಣೆದುರೇ ಇಳಿಯುತ್ತೆ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಹೊಸ ಅಂಗಡಿ ಸೇರಿಸೋದು ಹೇಗೆ ಅಂತ ಕೇಳಬಹುದು. ಮೊದಲು ಆ ದಾರಿ ಇರಲಿಲ್ಲ. ಈಗ ಓವರ್‌ಲೇ ಅನ್ನುವುದು ಬಂದಿದೆ, ನಕ್ಷೆಯ ಮೇಲೆ ಒಂದು ಬಗೆಯ ವಿವರವನ್ನೇ ಎತ್ತಿ ತೋರಿಸುವ ಪದರ. ಅಂಗಡಿಗಳ ಓವರ್‌ಲೇ ಹಾಕಿಕೊಂಡರೆ ನಕ್ಷೆಯಲ್ಲಿಲ್ಲದ ಅಂಗಡಿ ಸೇರಿಸಬಹುದು, ಮುಚ್ಚಿಹೋದದ್ದರ ಜಾಗದಲ್ಲಿ ಬಂದ ಹೊಸದನ್ನು ಹಾಕಬಹುದು. ಬಟ್ಟೆ ಅಂಗಡಿ ಹೋಗಿ ಮೊಮೋಸ್ ಅಂಗಡಿ, ಮೊಮೋಸ್ ಹೋಗಿ ಜ್ಯೂಸ್ ಅಂಗಡಿ ಆಗುವ ನಮ್ಮ ಬೀದಿಗಳಿಗೆ ಇದು ಬೇಕೇಬೇಕಿತ್ತು. ಕೆಲವು ವರ್ಷ ಯಾರೂ ಮುಟ್ಟದ ವಿವರಗಳನ್ನು ಇದು ಮತ್ತೆ ಕೇಳುತ್ತೆ ಕೂಡ: ಈ ಸಮಯ ಈಗಲೂ ಸರಿಯಾ, ಇದು ಇನ್ನೂ ಇದೆಯಾ ಅಂತ.

ಒಂದು ಎಚ್ಚರಿಕೆ. ಇದನ್ನು ನನಗೆ ಹೇಳಿದ್ದು ನಮ್ಮ ತಂಡದ ಹುಡುಗಿ, ಅವಳ ಮಾತು ನೂರಕ್ಕೆ ನೂರು ಸರಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೀವು ಯಾವಾಗ, ಎಲ್ಲಿ, ಏನು ತಿದ್ದಿದಿರಿ ಅನ್ನುವುದು ನಿಮ್ಮ ಬಳಕೆದಾರ ಹೆಸರಿನ ಜೊತೆ ಎಲ್ಲರಿಗೂ ಕಾಣುತ್ತೆ. ದಿನಾ ಸಂಜೆ ಒಂದೇ ಬೀದಿಯಲ್ಲಿ ನಡೆಯುವವರ ದಾರಿಯನ್ನು ಬೇಕೆಂದವರು ಊಹಿಸಬಹುದು. ಆದ್ದರಿಂದ ಸ್ವಂತ ಹೆಸರು ಹಾಕಬೇಡಿ. ಬೇರೆ ಕಡೆ ಎಲ್ಲೂ ಬಳಸದ ಒಂದು ಹೆಸರಿಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ತಾನಾಗಿ ಅಪ್‌ಲೋಡ್ ಆಗುವುದನ್ನು ನಿಲ್ಲಿಸಿ, ಮನೆಗೆ ಬಂದ ಮೇಲೋ ಮರುದಿನವೋ ಕಳಿಸಿ. ನಕ್ಷೆಯಲ್ಲಿ ಆಗ ಕಾಣೋದು ಕಳಿಸಿದ ಹೊತ್ತು, ನೀವು ನಡೆದ ಹೊತ್ತಲ್ಲ. ಆ್ಯಪ್ ಶುರುವಿನಲ್ಲೇ ಇದನ್ನು ಇನ್ನಷ್ಟು ಜೋರಾಗಿ ಹೇಳಬೇಕಿತ್ತು. ನಾನು ಒಂದು ಅಂಕ ಕಡಿಮೆ ಕೊಡೋದು ಇದಕ್ಕೇ.

5ಕ್ಕೆ 4. ಹಾಕಿಕೊಂಡ ಮೊದಲ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ನಿಮಗೆ ಬೇಡದ ಕ್ವೆಸ್ಟ್‌ಗಳನ್ನು ಆರಿಸಿ ಆಫ್ ಮಾಡಿ. ಕಟ್ಟಡಕ್ಕೆ ಎಷ್ಟು ಮಹಡಿ ಅನ್ನುವುದು ನನ್ನ ಪ್ರಕಾರ ಮೊದಲು ಹೋಗಬೇಕಾದದ್ದು, ಇಲ್ಲದಿದ್ದರೆ ಪಿನ್‌ಗಳ ಕಾಡಿನಲ್ಲಿ ರಸ್ತೆಯೇ ಕಾಣಲ್ಲ. ಮನೆ ನಂಬರಿನ ಕ್ವೆಸ್ಟೂ ಆಫ್ ಮಾಡಿ. ನಮ್ಮಲ್ಲಿ ಹಳೇ ನಂಬರ್, ಹೊಸ ನಂಬರ್ ಎರಡೂ ಗೇಟಿನ ಮೇಲಿರುತ್ತವೆ, ಅದರ ಮುಂದೆ ಜಾಸ್ತಿ ಹೊತ್ತು ನಿಂತರೆ ಒಳಗಿಂದ ನಾಯಿ ಬರುತ್ತೆ. ಉಳಿದದ್ದರಲ್ಲಿ ರಸ್ತೆ ಹೆಸರು, ಸಮಯ, ಗಾಲಿಕುರ್ಚಿ, ಬಸ್ ಸ್ಟಾಪ್ ಮೇಲೆ ಬರುವ ಹಾಗೆ ಕ್ರಮ ಬದಲಿಸಿಕೊಳ್ಳಿ. ಪ್ಲೇ ಸ್ಟೋರಿನಲ್ಲೂ ಇದೆ, ಓಪನ್ ಸೋರ್ಸ್ ಆ್ಯಪ್‌ಗಳ ಅಂಗಡಿ ಎಫ್-ಡ್ರಾಯ್ಡ್‌ನಲ್ಲೂ ಇದೆ. ಐಫೋನಿನವರು ಎವ್ರಿ ಡೋರ್ ಅನ್ನುವ ಆ್ಯಪ್ ಹಾಕಿ ನೋಡಿ. ಅದು ಪ್ರಶ್ನೆ ಕೇಳುವ ಆ್ಯಪ್ ಅಲ್ಲ, ಅಂಗಡಿಗಳ ಪಟ್ಟಿ ತೋರಿಸಿ ತಿದ್ದಲು ಬಿಡುತ್ತೆ. ಮಾರ್ಕೆಟ್ಟಿನಂಥ ಕಡೆ ನಾನೂ ಅದನ್ನೇ ತೆರೆಯೋದು.